ಮುಂದಿನ ಗಾಜಿನ ಮೂರು ಗೆರೆ

ನಿನ್ನೆ ಭಾನುವಾರ. ಊಟವಾಗಿ ಸಣ್ಣ ಜೋಂಪು ಹತ್ತುವ ಹೊತ್ತಿಗೆ ಮನೆ ತುಂಬ ಟೂತ್‌ಪೇಸ್ಟಿನ ವಾಸನೆ. ಬೆಳಿಗ್ಗೆ ಬಂದರೆ ಯಾರೂ ಗಮನಿಸದ ವಾಸನೆ ಅದು. ಅದೇ ನಡು ಮಧ್ಯಾಹ್ನ ಬಂದರೆ ಮನೆಯಲ್ಲಿ ಏನೋ ನಡೆಯುತ್ತಿದೆ ಎಂದೇ ಅರ್ಥ. ಎದ್ದು ಹೋಗಿ ನೋಡಿದರೆ ಮಗಳು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಫೋನಿನ ಗಾಜಿಗೆ ಪೇಸ್ಟು ಹಚ್ಚಿ ಹತ್ತಿಯಿಂದ ತಿಕ್ಕುತ್ತಿದ್ದಾಳೆ.

“ಅದಕ್ಕೆ ಹಲ್ಲು ಬಂದಾವೇನೇ?” ಎಂದೆ.

“ಗೀರು ಹೋಗ್ತವಂತಮ್ಮ, ವಿಡಿಯೋದಾಗ ತೋರಿಸಿದ್ರು.”

“ಹೋದ್ವೇನು?”

“ಇದ್ದ ಗೀರು ಹೋಗಿಲ್ಲ. ಹೊಸಾವು ಬಂದಂಗ ಕಾಣ್ತಾವು.”

ನಗು ಬಂದರೂ ನಗಲಿಲ್ಲ. ಗಾಜಿನ ಗೀರಿನ ವಿಷಯದಲ್ಲಿ ಇನ್ನೊಬ್ಬರನ್ನು ನೋಡಿ ನಗುವ ಯೋಗ್ಯತೆ ನನಗೆ ಇಲ್ಲ. ನಮ್ಮ ಭಾಷೆಯಲ್ಲಿ ತಿಕ್ಕುವುದಕ್ಕೂ ತಿಕ್ಕಲಿಗೂ ಒಂದು ಅಕ್ಷರದ ದೂರ ಇದೆಯಷ್ಟೆ. ಕೆಲವು ವರ್ಷಗಳ ಹಿಂದೆ ಆ ದೂರವನ್ನು ನಾನು ನಡೆದು ಮುಗಿಸಿದವಳು. ಅದೂ ಅಂಗೈ ಅಗಲದ ಫೋನಿನ ಮೇಲಲ್ಲ, ನಮ್ಮವರ ಟೆಂಪೋದ ಮುಂದಿನ ಗಾಜಿನ ಮೇಲೆ.

ನಮ್ಮವರು ಎಂದರೆ ನನ್ನ ಗಂಡ. ಹೆಸರು ಹೇಳಿ ಅಭ್ಯಾಸವಿಲ್ಲ, ಈ ವಯಸ್ಸಿನಲ್ಲಿ ಹೊಸದಾಗಿ ಕಲಿಯುವ ಉಮೇದೂ ಇಲ್ಲ. ನಮ್ಮದು ಜಡೆಯ ಪಕ್ಕದ ಊರು. ಬೆಳಿಗ್ಗೆ ಅವರು ಕಾಲೇಜಿನ ಹುಡುಗಿಯರು, ಬಟ್ಟೆ ಅಂಗಡಿಗಳಲ್ಲಿ ಕೆಲಸ ಮಾಡುವವರು, ಆಸ್ಪತ್ರೆಗೆ ಹೋಗುವ ಮುದುಕರು, ಜೊತೆಗೆ ನಾಲ್ಕಾರು ತರಕಾರಿ ಮೂಟೆ, ಎಲ್ಲವನ್ನೂ ತುಂಬಿಕೊಂಡು ಶಿಕಾರಿಪುರಕ್ಕೆ ಹೋಗುತ್ತಾರೆ. ಸಂಜೆ ಮೂಟೆಗಳನ್ನು ಬಿಟ್ಟು ಮಿಕ್ಕವರನ್ನು ವಾಪಸು ತರುತ್ತಾರೆ. ನಮ್ಮ ಕಡೆಯಿಂದ ಶಿಕಾರಿಪುರ ಮೂಡಣಕ್ಕೆ. ಹಾಗಾಗಿ ಹೋಗುವಾಗಲೂ ಸೂರ್ಯ ಎದುರಿಗೆ, ಬರುವಾಗಲೂ ಎದುರಿಗೆ. “ಶಿಕಾರಿಪುರದೋರು ಪುಣ್ಯವಂತರು ಕಣೇ. ಸೊರಬದ ಕಡಿಗೆ ಬಂದು ಹೋಗೋರು ಎರಡೂ ಹೊತ್ತು ಬೆನ್ನು ಕಾಸಿಕೊಂತಾರ. ನಾವು ಎರಡೂ ಹೊತ್ತು ಮುಖ ಸುಟ್ಕೋಬೇಕು” ಎಂದು ಅವರು ಗೊಣಗುವುದುಂಟು. ಆ ಗೊಣಗಾಟದಲ್ಲಿ ಒಂದು ಹೆಮ್ಮೆಯೂ ಇರುತ್ತದೆ ಎನ್ನಿ. ಎಷ್ಟೇ ಬಿಸಿಲಿದ್ದರೂ, ಸಂಜೆ ಗುಡವಿಯ ಕೆರೆಯ ಕಡೆಗೆ ಹಾರುವ ಕೊಕ್ಕರೆ ಸಾಲನ್ನು ಮೊದಲು ಕಂಡು ಹುಡುಗಿಯರಿಗೆ ತೋರಿಸುವವರು ಅವರೇ.

ಇನ್ನು ನಮ್ಮ ಅತ್ತೆ. ಸೋಮವಾರ ಬಂತೆಂದರೆ ಅತ್ತೆಗೆ ಟೆಂಪೋವೂ ಮನೆಯ ಒಬ್ಬ ಮಗ. ಸ್ನಾನ ಮುಗಿಸಿ, ತಮ್ಮ ಪೂಜೆ ಮುಗಿಸಿ, ಅಂಗೈಯಲ್ಲಿ ನೀರು ಹಾಕಿಕೊಂಡು ವಿಭೂತಿ ಗಟ್ಟಿ ತೇಯ್ದು, ಮೂರು ಬೆರಳಲ್ಲಿ ಟೆಂಪೋದ ಮುಂದಿನ ಗಾಜಿನ ಮೇಲೆ ಎಳೆಯುತ್ತಿದ್ದರು. ಅದೂ ಎಲ್ಲೆಂದರಲ್ಲಿ ಅಲ್ಲ, ಮಗ ಕೂರುವ ಜಾಗಕ್ಕೆ ಸರಿ ಎದುರಿಗೆ. “ದೃಷ್ಟಿ ತಾಗಬಾರದು” ಎನ್ನುವುದು ಅವರ ಒಂದೇ ಮಾತು. ಅದಕ್ಕೆ ಕಾರಣವೂ ಇತ್ತು. ನಮ್ಮ ಮಾವನವರು ಎತ್ತಿನ ಗಾಡಿ ಹೊಡೆಯುವುದರಲ್ಲಿ ಹೆಸರಾಗಿದ್ದವರು. ಐವತ್ತು ದಾಟುತ್ತಿದ್ದಂತೆ ಅವರ ಕಣ್ಣು ಮಂಜಾಗತೊಡಗಿ, ಕೊನೆಗೆ ಏನೂ ಕಾಣದಂತಾಯಿತು. ಆಮೇಲೆ ಅವರು ಬದುಕಿದ್ದಷ್ಟು ದಿನವೂ ಅತ್ತೆಯ ಹೆಗಲ ಮೇಲೆ ಕೈಯಿಟ್ಟೇ ನಡೆದರು. ಅದು ಯಾರದೋ ಕೆಟ್ಟ ದೃಷ್ಟಿಯ ಫಲ ಎಂದು ಅತ್ತೆಯ ನಂಬಿಕೆ. ಹಾಗಲ್ಲ ಎಂದು ವಾದಿಸಲು ನಾವು ಯಾರೂ ಹೋಗಲಿಲ್ಲ.

ನಮ್ಮವರಿಗೂ ಐವತ್ತಾಯಿತು.

ಒಂದು ಸಂಜೆ ಮನೆಗೆ ಬಂದವರು ಕೈಕಾಲು ಕೂಡ ತೊಳೆಯದೆ ಹಾಗೆಯೇ ಕುಳಿತರು. ಹಿಂದೆಯೇ ಊರ ಕುರಿಗಾರ ಬೀರಪ್ಪ ಬಂದ. ಕೂರಲಿಲ್ಲ, ನಿಂತೇ ಶುರು ಮಾಡಿದ.

“ಏನ್ ಯಜಮಾನ್ರೇ, ನನ್ ಕುರಿ ಸಣ್ಣವು, ಕಾಣಲಿಲ್ಲ ಅನ್ರಿ, ಒಪ್ಕೊಂತೀನಿ. ಇಷ್ಟೆತ್ತರ ಕರೇ ಕಂಬಳಿ ಹೊದ್ಕೊಂಡು ರಸ್ತೆ ನಡುವೆ ನಿಂತಿದ್ನಲ್ಲ, ನಾನೂ ಕಾಣಲಿಲ್ಲೇನು?”

“ಬ್ರೇಕ್ ಹಾಕಿದ್ನಲ್ಲೋ ಬೀರಪ್ಪ.”

“ಹಾಕಿದ್ರಿ. ಮುಂದಿನ ಟಗರಿನ ಮೂತಿ ನಿಮ್ಮ ಬಂಪರ್ ನೆಕ್ಕಿದ ಮೇಲೆ ಹಾಕಿದ್ರಿ.”

ಯಾವ ಕುರಿಗೂ ಏನೂ ಆಗಿರಲಿಲ್ಲ. ಬೀರಪ್ಪ ಬೈದು, ನನ್ನ ಕೈಯಿಂದ ಚಹಾ ಕುಡಿದು ಹೋದ. ಆದರೆ ನಮ್ಮವರ ಮುಖ ಮಾತ್ರ ಆವತ್ತಿನಿಂದ ಬದಲಾಯಿತು. ಆ ರಾತ್ರಿ ಊಟಕ್ಕೆ ಬಡಿಸುವಾಗ ನನಗಷ್ಟೇ ಕೇಳುವಂತೆ ಹೇಳಿದರು: “ಅಪ್ಪಂದು ಶುರು ಆತು ಕಣೇ. ಬಿಸಿಲು ಎದುರಿಗೆ ಬಂದ್ರ ರಸ್ತಿ ಎಲ್ಲ ಹಾಲು ಚೆಲ್ಲಿದಂಗ ಆಗ್ತತಿ. ಅವ್ವಗ ಹೇಳಬ್ಯಾಡ.”

ಶಿಕಾರಿಪುರದಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಅವರು ನೋಡಿ, ಕಣ್ಣು ಚೆನ್ನಾಗಿದೆ, ಓದುವುದಕ್ಕೆ ಮಾತ್ರ ಕನ್ನಡಕ ಬೇಕು ಎಂದರು. ನನಗೆ ಜೀವ ಬಂದಂತಾಯಿತು. ನಮ್ಮವರಿಗೆ ನಂಬಿಕೆ ಬರಲಿಲ್ಲ. “ಆ ಡಾಕ್ಟ್ರು ಕತ್ತಲಿ ಕೋಣೆಯಾಗ ಕುಂದ್ರಿಸಿ ಅಕ್ಷರ ಓದಿಸಿದ್ರು. ಬಿಸಿಲಿಗೆ ಎದುರಾಗಿ ಕುರಿ ತೋರಿಸ್ಲಿ, ಆಗ ಗೊತ್ತಾಗ್ತತಿ” ಎಂದರು. ಮಾತಿನಲ್ಲಿ ಒಂದು ನ್ಯಾಯ ಇತ್ತು, ಇಲ್ಲವೆನ್ನಲಾರೆ.

ಆಮೇಲೆ ಅವರು ಶಿಕಾರಿಪುರದಿಂದ ಬೇಗ ಹೊರಡತೊಡಗಿದರು, ಹೊತ್ತು ಇಳಿಯುವ ಮೊದಲೇ ಮನೆ ಸೇರಲೆಂದು. ಕಾಲೇಜು ಬಿಡುವುದು ತಡವಾದ ಹುಡುಗಿಯರು ಹಿಂದೆ ಉಳಿದರು, ಬಸ್ಸು ಕಾದರು, ಮನೆಯವರಿಂದ ಫೋನು ಮಾಡಿಸಿದರು. ಅವರಿಗೆ ಏನೆಂದು ಹೇಳುವುದು? ಕೊನೆಗೆ ಒಂದು ದಿನ ನಮ್ಮವರೇ ಸುದ್ದಿ ತಂದರು. ಆನವಟ್ಟಿಯ ಒಬ್ಬ ಪರಿಚಯದವನಿಗೆ ಟೆಂಪೋ ಕೊಡುವ ಮಾತಾಗಿದೆ, ಬರುವ ಸೋಮವಾರ ಬಂದು ಒಯ್ಯುತ್ತಾನೆ. “ಯಾರನ್ನಾದ್ರೂ ಗುದ್ದಿ ಬಿಡೋದಕ್ಕಿಂತ ನಾನೇ ಬಿಡೋದು ವಾಸಿ” ಎಂದರು. ಹೇಳುವಾಗ ಕೀಲಿ ಗೊಂಚಲನ್ನು ಕೈಯಲ್ಲಿ ತಿರುವುತ್ತಲೇ ಇದ್ದರು. ಟೆಂಪೋ ಇಲ್ಲದ ಅವರನ್ನು ನಾನು ಕಲ್ಪಿಸಿಕೊಳ್ಳಲು ನೋಡಿದೆ. ಅತ್ತೆಯ ಹೆಗಲ ಮೇಲಿನ ಮಾವನ ಕೈ ಮಾತ್ರ ಕಣ್ಣಿಗೆ ಬಂತು.

ಆ ವಾರವೇ ನನಗೆ ಶಿಕಾರಿಪುರದಲ್ಲಿ ಸಣ್ಣ ಕೆಲಸವಿತ್ತು. ಬರುವಾಗ ಟೈರು ಪಂಕ್ಚರಾಗಿ ಹೊರಡುವುದು ತಡವಾಯಿತು. ಹಿಂದೆ ಜಾಗವಿಲ್ಲದೆ, ಎಂದೂ ಮುಂದೆ ಕೂರದ ನಾನು ಅವರ ಪಕ್ಕದಲ್ಲಿ, ಅವರ ಕಡೆಗೇ ಒತ್ತಿಕೊಂಡು ಕುಳಿತೆ. ಶಿರಾಳಕೊಪ್ಪ ದಾಟುತ್ತಿದ್ದಂತೆ ಹೊತ್ತು ಕೆಳಗಿಳಿದು ಗಾಜಿಗೆ ನೇರ ಹೊಡೆಯಿತು. ನೋಡುತ್ತೇನೆ, ರಸ್ತೆಯೇ ಇಲ್ಲ! ಬೆಳ್ಳಗೆ, ಹಾಲು ಚೆಲ್ಲಿದ ಹಾಗೆ.

ಅಯ್ಯೋ, ನನಗೂ ಬಂತಲ್ಲಪ್ಪಾ ಎಂದು ಕಣ್ಣು ಉಜ್ಜಿಕೊಂಡೆ. ಆಮೇಲೆ ಬುದ್ಧಿ ಬಂತು. ಗಂಡನಿಂದ ಹೆಂಡತಿಗೆ ಅಂಟಲು ಇದೇನು ನೆಗಡಿಯೇ? ಪಕ್ಕದ ಕಿಟಕಿಗೆ ಸರಿದು ತಲೆ ಹೊರಗೆ ಹಾಕಿದೆ. ರಸ್ತೆ ಚೊಕ್ಕವಾಗಿ ಕಂಡಿತು, ಅಂಚಿನ ಹುಲ್ಲಿನ ಸಮೇತ. ತಲೆ ಒಳಗೆ ಎಳೆದುಕೊಂಡೆ. ಹಾಲು. ಮತ್ತೆ ಹೊರಗೆ ಹಾಕಿದೆ.

“ವಾಂತಿ ಬಂತೇನೇ?” ಎಂದರು ಅವರು.

“ಇಲ್ಲ ರೀ. ನೀವೂ ಒಂದ್ಸಲ ತಲಿ ಹೊರಗೆ ಹಾಕ್ರಿ.”

“ಗಾಡಿ ಓಡಿಸೋನು ತಲಿ ಹೊರಗೆ ಹಾಕ್ತಾನೇನೇ?”

“ನಿಲ್ಲಿಸಿ ಹಾಕ್ರಿ.”

ನಿಲ್ಲಿಸಿದರು. ತಲೆ ಹೊರಗೆ ಹಾಕಿದರು, ಒಳಗೆ ಎಳೆದುಕೊಂಡರು, ಮತ್ತೆ ಹಾಕಿದರು. ಪಂಜರದ ಕೋಳಿಯ ಹಾಗೆ ಇಬ್ಬರೂ ಎರಡು ಕಡೆಯ ಕಿಟಕಿಯಿಂದ ಕತ್ತು ಆಡಿಸುವುದನ್ನು ಕಂಡು ಹಿಂದಿನ ಹುಡುಗಿಯರು ಕಿಸಕ್ಕೆಂದರು. ನಮ್ಮವರು ಇಳಿದು ಗಾಜಿನ ಮುಂದೆ ಬಗ್ಗಿ ಓರೆಯಾಗಿ ನೋಡಿದರು. ಚಾಲಕನ ಕಡೆಯ ಗಾಜಿನ ತುಂಬ ಕೂದಲೆಳೆಯಂಥ ಗೀರುಗಳು. ಬಿಸಿಲು ಬಿದ್ದಾಗ ಒಂದೊಂದೂ ಹೊತ್ತಿಕೊಂಡು ಉರಿಯುತ್ತಿತ್ತು. ಇಷ್ಟು ದಿನ ಕಾಣಲಿಲ್ಲವೇ ಎಂದು ನೀವು ಕೇಳಬಹುದು. ಗಾಜನ್ನು ಯಾರು ನೋಡುತ್ತಾರೆ ಹೇಳಿ? ಎಲ್ಲರೂ ಗಾಜಿನ ಆಚೆಗೆ ನೋಡುವವರೇ.

ನನಗೆ ಅಲ್ಲೇ ಕುಣಿಯುವಷ್ಟು ಸಂತೋಷ. ಅವರು ಮಾತ್ರ ಮತ್ತೆ ಸೀಟಿಗೆ ಬಂದು ಕುಳಿತು, “ಗಾಜೂ ಹಾಳಾಗೈತಿ, ಕಣ್ಣೂ ಹಾಳಾಗೈತಿ. ಎರಡೂ ಒಟ್ಟಿಗೆ ಆಗಬಾರದು ಅಂತ ಎಲ್ಲೈತಿ?” ಎಂದರು. ಭಯ ಒಂದು ಸಲ ಮನೆ ಮಾಡಿಕೊಂಡರೆ ಬಾಡಿಗೆದಾರನಿಗಿಂತ ಗಟ್ಟಿ.

ಮರುದಿನ ಶಿಕಾರಿಪುರದ ಗಾಜಿನ ಅಂಗಡಿಗೆ ನಾನೂ ಹೋದೆ. ಅಂಗಡಿಯ ನಜೀರಣ್ಣ ಟೆಂಪೋ ನೋಡಿ ತಲೆ ಅಲ್ಲಾಡಿಸಿದರು. “ಅಕ್ಕಾ, ಈ ಮಾಡೆಲ್ ಗಾಜು ಈಗ ಬರಲ್ಲ. ಹುಬ್ಬಳ್ಳಿಗೆ ಹೇಳಿ ನೋಡ್ತೀನಿ, ಆಸೆ ಇಟ್ಕೋಬೇಡ್ರಿ.”

“ತಿಕ್ಕಿ ತೆಗೆಯೋಕೆ ಆಗಲ್ವೇನಣ್ಣ?”

“ಆಗ್ತದೆ, ತಿಕ್ಕೋರು ಯಾರು? ನಾನು ಒಂದ್ಸಲ ನಮ್ಮನೆ ಟೇಬಲ್ ಗಾಜಿಗೆ ಮಾಡೋಕೆ ಹೋಗಿ ಅರ್ಧಕ್ಕೇ ಬಿಟ್ಟೆ. ಈಗಲೂ ಅರ್ಧ ಫಳಫಳ, ಅರ್ಧ ಮಸಕು. ನಮ್ಮ ಹೆಂಗಸರು ಬಂದೋರಿಗೆಲ್ಲ ಅದನ್ನೇ ತೋರಿಸ್ತಾರೆ.” ಹೀಗೆಂದು ನಗುತ್ತಾ ಒಳಗಿನಿಂದ ಒಂದು ಪೊಟ್ಟಣ ತಂದರು. ಕನ್ನಡಿಯ ಅಂಚು ಹೊಳಪು ಮಾಡುವ ಪುಡಿ ಅದಂತೆ, ನಸುಗೆಂಪು ಬಣ್ಣ, ಮುಟ್ಟಿದರೆ ಮೈಗೆ ಹಚ್ಚುವ ಪೌಡರಿಗಿಂತ ನುಣುಪು. “ಉಗುರು ಎಳೆದು ನೋಡ್ರಿ ಅಕ್ಕಾ. ಗೀರಿನೊಳಗೆ ಉಗುರು ಸಿಕ್ಕಿಕೊಂಡ್ರೆ ಬಿಟ್ಬಿಡ್ರಿ, ಅದು ಹೋಗಲ್ಲ. ಜಾರಿದ್ರೆ ಹೋಗ್ತದೆ. ನೀರು ಆರಗೊಡಬೇಡ್ರಿ, ಒಂದೇ ಕಡೆ ತಿಕ್ಕಬೇಡ್ರಿ. ಹೋಗದಿದ್ರೆ ನನ್ನ ಬೈಬೇಡ್ರಿ.”

ನಾನು ಅಲ್ಲೇ ಉಗುರು ಎಳೆದೆ. ಜಾರಿತು. ಇನ್ನೊಂದರ ಮೇಲೆ ಎಳೆದೆ. ಅದೂ ಜಾರಿತು. ಪಾತ್ರೆ ತಿಕ್ಕಿ ತಿಕ್ಕಿ ಸವೆದ ನನ್ನ ಉಗುರಿಗೆ ಅಂಥ ಮರ್ಯಾದೆ ಮೊದಲು ಸಿಕ್ಕಿರಲಿಲ್ಲ.

ಮನೆಗೆ ಬಂದು ಮೊದಲು ಪುಡಿ ಉಳಿಸೋಣವೆಂಬ ಜಾಣತನದಿಂದ ಒಂದು ಮೂಲೆಗೆ ಟೂತ್‌ಪೇಸ್ಟೇ ಹಚ್ಚಿ ತಿಕ್ಕಿದ್ದೆ ಎಂದು ನಿಮ್ಮ ಹತ್ತಿರ ಹೇಳಲು ನನಗೆ ನಾಚಿಕೆಯಿಲ್ಲ. ಮರುದಿನ ಟೆಂಪೋ ಹತ್ತಿದ ಹುಡುಗಿಯೊಬ್ಬಳು “ಅಂಕಲ್, ಗಾಡಿ ಇವತ್ತು ಹಲ್ಲುಜ್ಜಿಕೊಂಡು ಬಂದೈತಲ್ಲ” ಎಂದಳಂತೆ. ಬಾಯಿ ವಾಸನೆ ಹೋಯಿತೇ ಹೊರತು ಗೀರು ಹೋಗಲಿಲ್ಲ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಗಾಡಿ ನೆರಳಿಗೆ ಬಂತು. ಹೊರಗಿನಿಂದ ಪುಡಿ ಬಳಿದರೆ ಗೀರು ಎಲ್ಲಿದೆ ಎಂದು ತಿಳಿಯುವುದಿಲ್ಲವಲ್ಲ, ಅದಕ್ಕೆ ಒಳಗಿನಿಂದ ಗುರುತು ಮಾಡಬೇಕು. ಪೆನ್ನು ಗಾಜಿಗೆ ಹತ್ತಲಿಲ್ಲ. ನಾನು ನನ್ನ ಹಣೆಗಿಡುವ ಸ್ಟಿಕ್ಕರಿನ ಹಾಳೆ ತಂದು, ಒಳಗೆ ಕುಳಿತು ಗೀರುಗಳ ಉದ್ದಕ್ಕೂ ಅಂಟಿಸುತ್ತಾ ಹೋದೆ. ಹೊರಗಿನಿಂದ ನೋಡಿದರೆ ಟೆಂಪೋ ಮದುವೆಗೆ ಹೊರಟ ಹಾಗಿತ್ತು. ತಿಕ್ಕುವುದಕ್ಕೆ ದಪ್ಪ ಉಣ್ಣೆಯ ಬಟ್ಟೆ ಬೇಕಿತ್ತು. ಬೀರಪ್ಪನ ಮನೆಯಿಂದ ಎಂದೋ ಕೊಂಡಿದ್ದ ಕಂಬಳಿಯ ಹಳೆಯ ತುಂಡೊಂದನ್ನು ಗಂಜಿಯೆಲ್ಲ ಬಿಡುವ ತನಕ ಒಗೆದು ಮೆತ್ತಗೆ ಮಾಡಿಟ್ಟಿದ್ದೆ. ಪುಡಿಯನ್ನು ಗಟ್ಟಿ ಮಜ್ಜಿಗೆಯ ಹದಕ್ಕೆ ಕಲಸಿ ಇಬ್ಬರೂ ಶುರು ಮಾಡಿದೆವು. ಅವರು ತಿಕ್ಕಿದರೆ ನಾನು ನೀರು ಚಿಮುಕಿಸುವುದು, ನಾನು ತಿಕ್ಕಿದರೆ ಅವರು.

ದಾರಿಯಲ್ಲಿ ಹೋಗುತ್ತಿದ್ದ ಬೀರಪ್ಪ ನಿಂತು ನೋಡಿದ. “ನಮ್ಮವ್ವ ನೇಯ್ದ ಕಂಬಳಿ ರೀ ಅದು. ಹೊದಿಯಾಕ ಕೊಟ್ಟಿದ್ದು, ಗಾಜು ಒರಸಾಕಲ್ಲ.”

“ನಿನ್ನ ಕುರಿ ಕಾಣ್ಲಿ ಅಂತ ನಿನ್ನ ಕುರಿ ಉಣ್ಣೆಯಾಗೇ ತಿಕ್ಕಾಕ ಹತ್ತೀವಿ, ಸುಮ್ನಿರು” ಎಂದರು ನಮ್ಮವರು.

“ಹಂಗಾದ್ರ ಜೋರಾಗಿ ತಿಕ್ರಿ” ಎಂದು ಅವನು ಹೋದ.

ಅತ್ತೆ ಬಾಗಿಲಲ್ಲಿ ಕುಳಿತು ಎಲ್ಲ ನೋಡುತ್ತಿದ್ದರು. “ಏ ಹುಡುಗಿ, ಅದು ಯಾವ ಮಠದ ಭಸ್ಮ?” ಎಂದರು. ಮದುವೆಯಾಗಿ ಬಂದಾಗ ಕರೆದದ್ದನ್ನು ಅತ್ತೆ ಇಂದಿಗೂ ಬಿಟ್ಟಿಲ್ಲ.

“ನಜೀರಣ್ಣನ ಅಂಗಡೀದು ಅತ್ತೆ.”

“ಇರ್ಲಿ. ಹೋಗೋದು ಹೋದ್ರ ಸಾಕು.”

ತಿಕ್ಕುತ್ತಾ ತಿಕ್ಕುತ್ತಾ ನಾನು ಅಂಟಿಸಿದ ಸ್ಟಿಕ್ಕರುಗಳ ಸಾಲು ನನಗೇ ವಿಚಿತ್ರವಾಗಿ ಕಂಡಿತು. ವೈಪರು ಗೀರಿದ್ದರೆ ಕಮಾನಿನ ಹಾಗೆ ಬಾಗಿರಬೇಕಿತ್ತು. ಇವು ಅಡ್ಡಡ್ಡ, ನೇರ. ಮೇಲೆ ತೆಳ್ಳಗೆ, ಕೆಳಗೆ ಬಂದಂತೆ ದಟ್ಟ. ಎಲ್ಲಕ್ಕಿಂತ ದಟ್ಟವಾದದ್ದು ಚಾಲಕನ ಕಣ್ಣಿಗೆ ಸರಿಯಾಗಿ. ಮೆಲ್ಲಗೆ ಅವರನ್ನು ಕೇಳಿದೆ, “ರೀ, ಅತ್ತೆ ಹಚ್ಚಿದ ವಿಭೂತಿ ನೀವು ಏನು ಮಾಡ್ತೀರಿ?”

ಅವರು ಅತ್ತೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ಅಷ್ಟು ದಪ್ಪ ಪಟ್ಟಿ ಕಣ್ಣೆದುರಿಗೆ ಇಟ್ಕೊಂಡು ಹೆಂಗ ಓಡಿಸ್ಲಿ? ಅವ್ವನ ಮುಂದ ಒರಸಾಕಾಗಲ್ಲ. ಮನಿ ಮರೆಯಾಗೋ ಆ ತಿರುವು ದಾಟಿದ ಕೂಡ್ಲೆ ಗಾಡಿ ನಿಲ್ಲಿಸಿ ಸೀಟಿನ ಕೆಳಗಿನ ಬಟ್ಟಿ ತಗೊಂಡು ಒರಸ್ತೀನಿ.”

“ನೀರು ಹಾಕಿ?”

“ಅಲ್ಲಿ ನೀರು ಎಲ್ಲೈತಿ? ಒಣಾದೇ.”

ಆ ಬಟ್ಟೆಯನ್ನು ತೆಗೆದು ಒದರಿದೆ. ಜಡೆಯಿಂದ ಶಿಕಾರಿಪುರದವರೆಗಿನ ಅಷ್ಟೂ ರಸ್ತೆಯ ಮಣ್ಣು ಅದರೊಳಗಿತ್ತು. ಆ ಸಣ್ಣ ಮರಳಿನಿಂದ ಒಂದೊಂದು ಸೋಮವಾರವೂ ಗಟ್ಟಿಯಾದ ವಿಭೂತಿಯ ಮೇಲೆ, ತಾಯಿಗೆ ಗೊತ್ತಾಗದಂತೆ, ಅವಸರದಲ್ಲಿ, ಬಲವಾಗಿ ತಿಕ್ಕಿದ್ದು. ದೃಷ್ಟಿ ತಾಗಬಾರದೆಂದು ಅತ್ತೆ ಹಚ್ಚಿದರು, ಅವರ ಮನಸ್ಸು ನೋಯಬಾರದೆಂದು ಇವರು ಕದ್ದು ಒರೆಸಿದರು. ನಡುವೆ ಗಾಜಿನ ದೃಷ್ಟಿ ಹೋಯಿತು.

ನಾವು ಪಿಸುಗುಟ್ಟುವುದನ್ನು ಕಂಡು ಅತ್ತೆ ಎದ್ದು ಬಂದರು. ಗಾಜಿನ ಮುಂದೆ ನಿಂತು ಸ್ಟಿಕ್ಕರಿನ ಸಾಲುಗಳನ್ನು ನೋಡಿದರು. ಆಮೇಲೆ ಬಲಗೈಯ ಮೂರು ಬೆರಳುಗಳನ್ನು ಎಲ್ಲಕ್ಕಿಂತ ಕೆಳಗಿನ, ದಟ್ಟವಾದ ಗೀರುಗಳ ಮೇಲೆ ಇಟ್ಟರು. ಸರಿಯಾಗಿ ಕುಳಿತವು. ಮೇಲಿನವುಗಳ ಮೇಲೆ ಇಡಲು ನೋಡಿದರು. ಕೈ ಎಟುಕಲಿಲ್ಲ.

ಆಗಲೇ ನನಗೆ ಹೊಳೆದದ್ದು. ವಿಭೂತಿಯ ಪಟ್ಟೆ ಮೊದಮೊದಲು ಗಾಜಿನ ಮೇಲಂಚಿನಲ್ಲಿ ಇರುತ್ತಿತ್ತು. ಅತ್ತೆಯ ಬೆನ್ನು ಬಾಗಿದಷ್ಟೂ ಅದು ಕೆಳಗಿಳಿದು ಮಗನ ಕಣ್ಣಿಗೆ ಎದುರಾಗಿತ್ತು. ಒಂದೇ ಮನೆಯಲ್ಲಿ ಇದ್ದು, ದಿನಾ ಅವರ ಬೆನ್ನು ತಿಕ್ಕುವ ನನಗೂ ಅವರು ಇಷ್ಟು ಕುಗ್ಗಿದ್ದು ಗೊತ್ತಾಗಿರಲಿಲ್ಲ.

“ವೈಪರಿನ ರಬ್ಬರು ಹೋಗಿತ್ತವ್ವ, ಅದಕ್ಕ ಹಿಂಗಾತು” ಎಂದರು ನಮ್ಮವರು.

ಅತ್ತೆ ಕಂಬಳಿ ತುಂಡನ್ನು ನನ್ನ ಕೈಯಿಂದ ತೆಗೆದುಕೊಂಡು, ತಮ್ಮ ಕೈಗೆ ಎಟುಕಿದಷ್ಟು ಜಾಗವನ್ನು ತಿಕ್ಕತೊಡಗಿದರು.

ಭಾನುವಾರವೂ ತಿಕ್ಕಿದೆವು. ಭುಜ ನನ್ನದಲ್ಲ ಎನ್ನಿಸುವಂತಾಯಿತು. ಸಂಜೆ ನೀರು ಸುರಿದು, ಸ್ಟಿಕ್ಕರು ಕಿತ್ತು, ಒರೆಸಿ, ನಾವಿಬ್ಬರೇ ಖಾಲಿ ಗಾಡಿಯಲ್ಲಿ ಹೊರಟೆವು. ಹೊತ್ತು ಎದುರಿಗೆ ಬರುವಂತೆ ಮೊದಲು ಮೂಡಣಕ್ಕೆ ಒಂದಷ್ಟು ದೂರ ಹೋಗಿ ತಿರುಗಿಸಿದರು. ಬಿಸಿಲು ಗಾಜಿಗೆ ಬಿತ್ತು. ನಾನು ಬೇಕೆಂದೇ ಅವರ ಮುಖ ನೋಡಲಿಲ್ಲ. ಅಲ್ಲಲ್ಲಿ ಒಂದೆರಡು ಗೀರು ಇನ್ನೂ ಮಿನುಗುತ್ತಿತ್ತು, ನಜೀರಣ್ಣ ಬಿಟ್ಟುಬಿಡಿ ಎಂದ ಜಾತಿಯವು. ಅವುಗಳ ಆಚೆ ರಸ್ತೆ ಇತ್ತು, ಪೂರ್ತಿ ಇತ್ತು. ಆದರೆ ನನಗೆ ಕಂಡರೆ ಏನು ಬಂತು? ಅವರಿಗೆ ಕಾಣಬೇಕಲ್ಲ.

ಎರಡು ಹೊಲ ದಾಟಿದೆವು. ಆಮೇಲೆ ಅವರು, “ಬೀರಪ್ಪ ಬರಾಕ ಹತ್ಯಾನ ನೋಡು” ಎಂದರು.

ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಬಹು ದೂರದಲ್ಲಿ ಏನೋ ಧೂಳು, ಅಷ್ಟೆ. “ಎಲ್ಲಿ ರೀ?”

“ಅಲ್ಲಿ. ಎಡಗಡೆ ತುದೀ ಕುರಿ ಕುಂಟ್ತಾ ಐತಿ. ಕಾಲಿಗೆ ಮುಳ್ಳು ಚುಚ್ಚೈತೇನೋ, ಹೇಳ್ಬೇಕು ಅವನಿಗೆ.”

ಹತ್ತಿರ ಬಂದಾಗ ನೋಡಿದರೆ ನಿಜ, ಎಡತುದಿಯ ಒಂದು ಕುರಿ ಕುಂಟುತ್ತಿತ್ತು. ಅವರು ಗಾಡಿ ನಿಲ್ಲಿಸಿ ಇಳಿದು ಬೀರಪ್ಪನಿಗೆ ಅದನ್ನು ತೋರಿಸುತ್ತಿದ್ದರೆ, ನಾನು ಒಳಗೆ ಕುಳಿತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಆನವಟ್ಟಿಯವನಿಗೆ ಅಲ್ಲಿಂದಲೇ ಫೋನು ಹೋಯಿತು. “ಇಲ್ಲಪ್ಪ, ಕೊಡಲ್ಲ. ಬ್ಯಾರೆ ನೋಡ್ಕೋ. ತಪ್ಪು ತಿಳ್ಕೋಬ್ಯಾಡ, ನನಗ ಬೇಕಾಗೈತಿ.”

ಮರುದಿನ ಸೋಮವಾರ. ಅತ್ತೆ ಎಂದಿನಂತೆ ವಿಭೂತಿ ತೇಯ್ದುಕೊಂಡು ಬಂದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬೇಡ ಎನ್ನುವ ಧೈರ್ಯ ಇಬ್ಬರಿಗೂ ಇಲ್ಲ. ಅತ್ತೆ ಗಾಜಿನ ಮುಂದೆ ನಿಂತು ಹೇಳಿದರು:

“ತಮ್ಮಾ, ಸೋಮವಾರ ಸಂಜೀ ಮುಂದ ಗಾಡಿ ಬರೋ ಹೊತ್ತಿಗೆ ವಿಭೂತಿ ಇರ್ತಿರಲಿಲ್ಲ. ಗಾಳಿಗೆ ಹಾರಿತು ಅಂತ ತಿಳ್ಕೊಳ್ಳಾಕ ನಾನೇನು ಕೂಸೇನು? ಒರಸ್ತೀಯಾ ಅಂತ ಗೊತ್ತಿತ್ತು. ಒಣಾ ಬಟ್ಟೀಲಿ ಒರಸ್ತೀಯಾ ಅಂತ ಗೊತ್ತಿರಲಿಲ್ಲ.”

“ಅವ್ವಾ…”

“ಇರ್ಲಿ ಬಿಡು. ತಪ್ಪು ಜಾಗದಾಗ ಹಚ್ಚಿದ್ದು ನಾನು. ಗಾಜು ಅಂದ್ರ ಗಾಡಿ ಕಣ್ಣಲ್ಲೇನು? ಕಣ್ಣಿಗೆ ಯಾರಾದ್ರೂ ವಿಭೂತಿ ಹಚ್ತಾರೇನು? ಹಣೀ ಅದರ ಮ್ಯಾಲೈತಿ. ನನಗ ಎಟುಕಂಗಿಲ್ಲ, ಅಷ್ಟ.”

ಗಾಜಿನ ಮೇಲಿನ ತಗಡಿನ ಪಟ್ಟಿಯನ್ನು ತೋರಿಸುತ್ತಿದ್ದರು. ನಮ್ಮವರು ಟೆಂಪೋ ಹತ್ತಿ, ಹಿಂದೆ ಮುಂದೆ ಮಾಡಿ, ಅದರ ಮೂತಿಯನ್ನು ಮನೆಯ ಎತ್ತರದ ಜಗಲಿಗೆ ತಾಗುವಷ್ಟು ಹತ್ತಿರ ತಂದು ನಿಲ್ಲಿಸಿದರು.

ಅಂದಿನಿಂದ ಸೋಮವಾರದ ಪದ್ಧತಿ ಅದೇ. ಇವತ್ತೂ ಸೋಮವಾರ. ಮಗಳು ಫೋನು ಒರೆಸಿಕೊಂಡು ಕಾಲೇಜಿಗೆ ಹೊರಟು ಹಿಂದಿನ ಸೀಟಿನಲ್ಲಿ ಕುಳಿತಿದ್ದಳು. ಗಾಡಿ ಜಗಲಿಗೆ ಬಂದು ನಿಂತಿತು. ಅತ್ತೆ ಈಗ ಇನ್ನೂ ಸ್ವಲ್ಪ ಕುಗ್ಗಿದ್ದಾರೆ. ಜಗಲಿಯ ಮೇಲೆ ನಿಂತರೂ ಕೈ ಪಟ್ಟಿಗಾಗಿ ತುಸು ತಡಕಾಡುತ್ತದೆ. ನಾನು ಹಿಂದಿನಿಂದ ಅವರ ಸೊಂಟ ಹಿಡಿದು ನಿಂತಿದ್ದೆ. ಕಂಬಳಿಯಷ್ಟೂ ತೂಕವಿಲ್ಲದ ಮೈ. ಮೂರು ಬೆರಳು ತಗಡಿನ ಮೇಲೆ ಎಡದಿಂದ ಬಲಕ್ಕೆ ನಿಧಾನವಾಗಿ ಹೋದವು. ಒಂದು ಹನಿ ಜಾರಿ ಗಾಜಿನ ಮೇಲೆ ಬಿತ್ತು. ಅತ್ತೆ ಸೆರಗಿನ ತುದಿಯನ್ನು ನನ್ನ ಕಡೆ ಚಾಚಿದರು. ನಾನು ಚೆಂಬಿನ ನೀರಲ್ಲಿ ಅದನ್ನು ಅದ್ದಿ ಕೊಟ್ಟೆ. ಒತ್ತದೆ, ಹೂವಿನ ಮೇಲಿನ ಮಣ್ಣು ತೆಗೆಯುವ ಹಾಗೆ ಆ ಹನಿಯನ್ನು ತೆಗೆದರು. ಆಮೇಲೆ ಗಾಜಿಗೆ ಮುಖ ತಂದು, ಒಳಗೆ ಕುಳಿತ ಮಗನನ್ನು ನೋಡಿ ಹೇಳಿದರು:

“ನೋಡ್ಕೊಂಡು ಹೋಗು ತಮ್ಮಾ.”

ಗಾಡಿ ಓಡಿಸುವವರಿಗೆ ಎಲ್ಲ ಮನೆಯವರೂ ಹೇಳುವ ಮಾತು. ನಾನೂ ದಿನಾ ಹೇಳುತ್ತೇನೆ, ಒಗ್ಗರಣೆ ಹಾಕುತ್ತಾ, ಒಳಗಿನಿಂದಲೇ ಕೂಗಿ. ಅದರೊಳಗೆ ‘ನೋಡು’ ಎಂಬುದೊಂದು ಇದೆಯೆಂದು ಇವತ್ತು ಕಿವಿಗೆ ಬಿತ್ತು.

“ನೋಡ್ಕೊಂಡೇ ಹೋಗ್ತೀನಿ ಬಿಡವ್ವ” ಎಂದು ಅವರು ಗಾಡಿ ಹಿಂದಕ್ಕೆ ತೆಗೆದು, ಮೂಡಣದ ಬಿಸಿಲಿಗೆ ಎದುರಾಗಿ ಹೊರಟರು. ಮನೆ ಮರೆಯಾಗುವ ಆ ತಿರುವಿನ ಹತ್ತಿರ ಗಾಡಿ ಈಗ ನಿಲ್ಲುವುದಿಲ್ಲ.